ನಡುವಯಸ್ಸಿನ ಮಾತೆಯರ ದೇಹಮನಃಸ್ವಾಸ್ಥ್ಯ

(ಶ್ರೀಮಠದ ಮಹೋತ್ಸವದ ಮಹಿಳಾಗೋಷ್ಠಿಯಲ್ಲಿ ಮಾಡಿದ ಭಾಷಣ)

ನನಗೆ ಅಪ್ಪಣೆಯಾಗಿರುವ ವಿಷಯವನ್ನು ಕುರಿತು ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳುವೆನು.

ಈ ಉತ್ಸವದ ಗೋಷ್ಠಿಗಳಲ್ಲಿ ಷಟ್‌ಸ್ಥಲವನ್ನೂ ಅಷ್ಟಾವರಣವನ್ನೂ ಕುರಿತು ವಿದ್ವಾಂಸರು ಮಾತನಾಡಿದರು. ನನ್ನ ಪಾಲಿಗೆ ಬಂದಿರುವುದು ನಲವತ್ತು ಐವತ್ತರ ವಯಸ್ಸಿನ ತಾಯಂದಿರ ದೇಹಾರೋಗ್ಯ ಮತ್ತು ಮನಸ್ಸಿನ ಆರೋಗ್ಯದ ವಿಷಯ. ಸಂಸ್ಕೃತ ಪಾಠಶಾಲೆಯಲ್ಲಿ ವ್ಯಾಕರಣವನ್ನೂ ಆಗಮಗಳನ್ನೂ ಓದಿದವನಿಗೆ ಇದರಲ್ಲಿ ಅಧಿಕಾರವೇನಿದೆಯೆಂದು ಕೆಲವರು ಶಂಕಿಸಬಹುದು. ಶಂಕೆಯು ಯುಕ್ತವೇ ಆಗಿದೆ. ವೈದ್ಯರು ಹೇಳತಕ್ಕದ್ದನ್ನು ವೈದ್ಯರೇ ಹೇಳಬೇಕು. ಆದರೆ ತಾಯಂದಿರನ್ನು ವೈದ್ಯರ ಬಳಿಗೆ ಹೋಗಗೊಡದ ಸಂಕೋಚವೊಂದು ಧರ್ಮದ ಹೆಸರನ್ನು ಹೊತ್ತುಕೊಂಡು ನಮ್ಮ ಮನೆಗಳಲ್ಲಿ ನೆಲಸಿರುವುದು. ಆ ಸಂಕೋಚಕ್ಕೆ ಧರ್ಮದ ಆಧಾರವಿಲ್ಲವೆಂದು ಹೇಳುವ ಹೊಣೆಯು ಧರ್ಮಗ್ರಂಥಗಳನ್ನು ಓದಿದವರ ಮೇಲೆಯೇ ಇದೆ. ಆ ಹೊಣೆಯಷ್ಟನ್ನೇ ಹೊತ್ತು ನಿಮ್ಮ ಮುಂದೆ ನಿಂತಿರುವೆನು.

ಮೊದಲು ವಿಷಯದ ಸ್ವರೂಪವನ್ನು ತಿಳಿಯೋಣ. ನಮ್ಮ ಹೆಂಗಸರು ಮುಟ್ಟು ನಿಲ್ಲುವುದೆಂದು ಹೇಳುವುದನ್ನು ಶಾಸ್ತ್ರದಲ್ಲಿ ರಜೋನಿವೃತ್ತಿಯೆನ್ನುವರು. ಸ್ತ್ರೀಯರಿಗೆ ಹನ್ನೆರಡನೆಯ ವರ್ಷದ ಮೇಲೆ ರಜಸ್ಸು ಪ್ರವರ್ತಿಸಿ ಐವತ್ತನೆಯ ವರ್ಷದ ಹೊತ್ತಿಗೆ ಕ್ಷಯವಾಗುವುದೆಂದು ಸುಶ್ರುತಸಂಹಿತೆಯು ತಿಳಿಸಿರುವುದು. ಆ ವಯಸ್ಸಿನ ದೇಹಕ್ಕೆ ಸುಶ್ರುತಾಚಾರ್ಯರು ಹೇಳಿರುವ ಮಾತು ಪಕ್ವವಾದ ಶರೀರವೆಂದು. ಅವರು ಇದನ್ನು ವ್ಯಾಧಿಯೆಂದೆಣಿಸಲಿಲ್ಲವೆಂಬುದನ್ನು ಗಮನಿಸಬೇಕು. ಪಾಶ್ಚಾತ್ಯ ವೈದ್ಯದಲ್ಲಿ ಇದಕ್ಕೆ ಈಗ ಪ್ರಚಾರದಲ್ಲಿರುವ ‘ಮೆನೋಪಾಸ್’ ಎಂಬ ಹೆಸರನ್ನು ೧೮೨೧ರಲ್ಲಿ ಗಾರ್ದಾನ್ ಎಂಬ ಫ್ರೆಂಚ್ ವೈದ್ಯನು ಬಳಕೆಗೆ ತಂದನು. ಹನ್ನೆರಡು ತಿಂಗಳು ಎಡೆಬಿಡದೆ ಮುಟ್ಟು ಕಾಣದಿದ್ದರೆ ರಜೋನಿವೃತ್ತಿಯಾಯಿತೆಂದು ಈಗಿನ ವೈದ್ಯರು ನಿಶ್ಚಯಿಸುವರು. ಪಶ್ಚಿಮದೇಶಗಳಲ್ಲಿ ಇದು ಸರಾಸರಿ ಐವತ್ತೊಂದರ ಸುಮಾರಿಗೆ ಬರುವುದು; ನಮ್ಮ ದೇಶದಲ್ಲಿ ನಲವತ್ತಾರು ನಲವತ್ತೇಳರ ಸುಮಾರಿಗೇ ಬರುವುದು. ನಲವತ್ತಕ್ಕೆ ಮುಂಚೆ ಬಂದರೆ ಅದು ಅಕಾಲದ್ದು. ಅಂಥವರು ತಪ್ಪದೆ ವೈದ್ಯರನ್ನು ಕಾಣಬೇಕು. ನಿಲ್ಲುವುದಕ್ಕೆ ಮೊದಲು ಕೆಲವು ವರ್ಷಗಳ ಕಾಲ ಮುಟ್ಟು ಏರುಪೇರಾಗಿ, ಒಮ್ಮೆ ಬೇಗ, ಒಮ್ಮೆ ತಡವಾಗಿ, ಒಮ್ಮೆ ಅಲ್ಪವಾಗಿ, ಒಮ್ಮೆ ಅತಿಯಾಗಿ ಬರುವುದುಂಟು. ಈ ಸಂಧಿಕಾಲವೇ ಬಹುಮಂದಿಗೆ ಕಷ್ಟದ ಕಾಲವಾಗಿರುವುದು.

ಹಿಂದಿನವರು ಇದನ್ನು ಇಷ್ಟಾಗಿ ವಿಚಾರಿಸಲಿಲ್ಲವಲ್ಲಾ ಎಂದು ಕೇಳುವವರುಂಟು. ಅದಕ್ಕೆ ಕಾರಣವಿದೆ. ೧೯೪೦ರ ದಶಕದಲ್ಲಿ ಭಾರತೀಯರ ಸರಾಸರಿ ಆಯುಸ್ಸು ಮೂವತ್ತೆರಡರ ಸುಮಾರಿನಲ್ಲಿತ್ತು. ಈಗ ಹೆಂಗಸರ ಆಯುಸ್ಸು ಎಪ್ಪತ್ತನ್ನು ದಾಟಿರುವುದು. ಎಂದರೆ, ಮುಟ್ಟು ನಿಂತ ಮೇಲೆ ಒಬ್ಬ ತಾಯಿಯು ಇಪ್ಪತ್ತೈದು ಮೂವತ್ತು ವರ್ಷ ಬಾಳಬೇಕಾಗಿರುವುದು. ಆಯುಸ್ಸಿನ ಮೂರರಲ್ಲೊಂದು ಪಾಲನ್ನು ಮುದುಕಿಯಾಗಿ ಮೂಲೆಯಲ್ಲಿ ಕುಳಿತು ಕಳೆಯಲಿ ಎಂದು ಹೇಳುವವರು ನಮ್ಮಲ್ಲಿ ಯಾರೂ ಇರಲಾರರೆಂದು ನಂಬಿರುವೆನು.

ದೇಹದಲ್ಲಿ ಏನಾಗುವುದೆಂಬುದನ್ನು ಸಂಕ್ಷೇಪವಾಗಿ ಹೇಳುವೆನು. ಸ್ತ್ರೀಯ ಅಂಡಾಶಯಗಳಲ್ಲಿ ಹುಟ್ಟಿನಿಂದಲೇ ಇರುವ ಅಂಡಗಳು ಕಾಲಕ್ರಮದಲ್ಲಿ ಮುಗಿಯುತ್ತ ಬರುವುವು. ಅವುಗಳೊಡನೆ ಈಸ್ಟ್ರೊಜನ್ ಎಂಬ ಹಾರ್ಮೋನು ಕಡಿಮೆಯಾಗುವುದು. ಈ ರಸದ ಕೆಲಸವು ಗರ್ಭಾಶಯಕ್ಕೆ ಮಾತ್ರ ಸೇರಿದ್ದಲ್ಲ. ಮೂಳೆ, ಹೃದಯ, ರಕ್ತನಾಳ, ಚರ್ಮ, ಮೂತ್ರಕೋಶ, ಮಿದುಳು ಇವೆಲ್ಲಕ್ಕೂ ಅದರ ಆಶ್ರಯವಿರುವುದು. ಮಿದುಳಿನಲ್ಲಿ ಶರೀರದ ಉಷ್ಣವನ್ನು ಹದದಲ್ಲಿಡುವ ಸ್ಥಾನವು ಇದರಿಂದ ಕಲಕುವುದು. ಆದಕಾರಣ ಚಳಿಯ ದಿನದಲ್ಲಿಯೂ ಎದೆಯಿಂದ ಮುಖಕ್ಕೆ ಬಿಸಿ ಏರಿ, ಬೆವರು ಸುರಿದು, ಎದೆ ಡವಗುಟ್ಟಿ, ಕೆಲವು ನಿಮಿಷಗಳಲ್ಲಿ ಇಳಿಯುವುದು. ರಾತ್ರಿಯಲ್ಲಿ ಹೀಗಾದರೆ ನಿದ್ರೆ ಕೆಡುವುದು. ನಿದ್ರೆ ಕೆಟ್ಟರೆ ಮರುದಿನ ಮರೆವು, ಸಿಡುಕು, ತಲೆನೋವು. ಕೀಲುನೋವು, ಮೂತ್ರದ ಉರಿ, ಕೆಮ್ಮಿದರೆ ಸೀನಿದರೆ ಮೂತ್ರ ಜಿನುಗುವುದು, ಅಂಗಾಂಗಗಳು ಒಣಗಿ ದಾಂಪತ್ಯದಲ್ಲಿ ನೋವಾಗುವುದು ಇವೂ ಇದರಿಂದಲೇ ಬರಬಹುದು. ಎಲ್ಲರಿಗೂ ಎಲ್ಲವೂ ಬರುವುದೆಂದಲ್ಲ. ಕೆಲವರಿಗೆ ಏನೂ ಬಾರದು. ಆದರೆ ಬಿಸಿಯೇರುವ ಬಾಧೆಯು ಬಂದವರಲ್ಲಿ ಅನೇಕರಿಗೆ ಏಳು ವರ್ಷಗಳವರೆಗೂ ಇರುವುದೆಂದು ವೈದ್ಯರು ಕಂಡುಕೊಂಡಿರುವರು.

ಇಂಥ ತಾಯಿಯನ್ನು ಮನೆಯವರು ಹೇಗೆ ಕಾಣುವರು? ಇತ್ತೀಚೆಗೆ ಅಮ್ಮನಿಗೆ ಕೋಪ ಹೆಚ್ಚಾಯಿತೆಂದು ಮಕ್ಕಳು ಹೇಳುವರು. ಫ್ಯಾನು ಹಾಕಿದರೆ ವಿದ್ಯುತ್ತಿನ ಖರ್ಚು ಎಂದು ಯಜಮಾನನು ಗೊಣಗುವನು. ದೃಷ್ಟಿ ತಾಗಿರಬಹುದೆಂದು ಅತ್ತೆಯು ನಿವಾಳಿಸುವಳು. ಏನೂ ಇಲ್ಲ, ವಯಸ್ಸಿನದು ಎಂದು ತಾಯಿಯೇ ತನಗೆ ತಾನು ಹೇಳಿಕೊಂಡು ಸುಮ್ಮನಾಗುವಳು. ಹೀಗೆ ಎಲ್ಲರೂ ಒಂದೊಂದು ಹೇಳಿ, ಆಕೆಗೆ ಏನಾಗಿದೆಯೆಂದು ಆಕೆಯನ್ನು ಕೇಳುವವರು ಮಾತ್ರ ಇಲ್ಲದಂತಾಗಿರುವುದು.

ಮನಸ್ಸಿನ ವಿಷಯದಲ್ಲಿ ಇನ್ನೂ ಎಚ್ಚರಿಕೆ ಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕ್ರೇಪೆಲಿನ್ ಎಂಬ ಜರ್ಮನ್ ವೈದ್ಯನು ಈ ವಯಸ್ಸಿನ ವಿಷಾದಕ್ಕೆ ಪ್ರತ್ಯೇಕವಾದ ಒಂದು ರೋಗದ ಹೆಸರನ್ನೇ ಇಟ್ಟಿದ್ದನು. ೧೯೮೦ರಲ್ಲಿ ಅಮೆರಿಕದ ಮನೋವೈದ್ಯರು ಆ ಹೆಸರನ್ನು ತಮ್ಮ ಪಟ್ಟಿಯಿಂದ ತೆಗೆದುಹಾಕಿದರು. ಮುಟ್ಟು ನಿಲ್ಲುವುದರಿಂದಲೇ ಯಾರಿಗೂ ಹುಚ್ಚು ಹಿಡಿಯುವುದಿಲ್ಲ. ಆದರೆ ಸಂಧಿಕಾಲದಲ್ಲಿ ವಿಷಾದವೂ ಕಳವಳವೂ ಉಂಟಾಗುವ ಸಂಭವವು ಹೆಚ್ಚೆಂಬುದು ನಿಜ. ಮೊದಲೊಮ್ಮೆ ಅಥವಾ ಬಾಣಂತಿತನದಲ್ಲಿ ಅಂಥ ಬಾಧೆಯನ್ನು ಅನುಭವಿಸಿದವರಿಗೆ ಮತ್ತೂ ಹೆಚ್ಚು. ಎರಡು ವಾರಗಳಿಗೆ ಮೀರಿ ಯಾವುದರಲ್ಲಿಯೂ ರುಚಿಯಿಲ್ಲದೆ, ಊಟನಿದ್ರೆಗಳು ತಪ್ಪಿ, ಬದುಕೇ ಬೇಡವೆಂಬ ಮಾತು ಬಾಯಲ್ಲಿ ಬಂದರೆ, ಅದನ್ನು ವೈರಾಗ್ಯವೆಂದು ತಿಳಿದು ಕೊಂಡಾಡಬಾರದು. ವೈರಾಗ್ಯವುಳ್ಳವರ ಮುಖದಲ್ಲಿ ಶಾಂತಿಯಿರುವುದು. ವಿಷಾದವುಳ್ಳವರ ಮುಖದಲ್ಲಿ ಶೂನ್ಯವಿರುವುದು. ಇದನ್ನು ಮನೆಯವರು ಗುರುತಿಸಬೇಕು.

ಈ ವಿಷಯದಲ್ಲಿ ದಕ್ಷಿಣ ಬೆಂಗಳೂರಿನವರು ಭಾಗ್ಯವಂತರೆನ್ನಬೇಕು. ೧೯೫೪ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಹಳೆಯ ಮಾನಸಿಕ ಆಸ್ಪತ್ರೆಯೂ ೧೯೭೪ರ ಡಿಸೆಂಬರಿನಲ್ಲಿ ಒಂದಾಗಿ ನಿಮ್ಹಾನ್ಸ್ ಎಂಬ ಮಹಾಸಂಸ್ಥೆಯಾಗಿ ನಮ್ಮ ಮಗ್ಗುಲಲ್ಲಿಯೇ ನಿಂತಿದೆ. ಆಸ್ಪತ್ರೆಯ ಹೆಸರಿಗೆ ಅಂಜುವವರ ಸಲುವಾಗಿ ಅದೇ ಸಂಸ್ಥೆಯವರು ಬಿ.ಟಿ.ಎಂ. ಬಡಾವಣೆಯಲ್ಲಿ ಕ್ಷೇಮಕೇಂದ್ರವೊಂದನ್ನು ಇಟ್ಟಿರುವರು. ರೋಗಿಯೆಂಬ ಹೆಸರಿಲ್ಲದೆ, ಮನಸ್ಸಿನ ಭಾರವನ್ನು ಇಳಿಸಿಕೊಳ್ಳಬೇಕಾದವರು ಅಲ್ಲಿಗೆ ಹೋಗಬಹುದು. ಮನೆಯಿಂದ ಹೊರಡಲಾರದವರು ೧೪೪೧೬ ಎಂಬ ಸಂಖ್ಯೆಗೆ ಹಗಲಿರುಳೆನ್ನದೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಟೆಲಿಮಾನಸ್ ಎಂಬ ಈ ವ್ಯವಸ್ಥೆಯು ೨೦೨೨ರ ಅಕ್ಟೋಬರಿನಲ್ಲಿ ಪ್ರಾರಂಭವಾಯಿತು, ಇದಕ್ಕೆ ಖರ್ಚಿಲ್ಲ. ಈ ಸಂಖ್ಯೆಯನ್ನು ದೇವರಮನೆಯ ಗೋಡೆಯ ಮೇಲಿನ ಪಂಚಾಂಗದ ಪಕ್ಕದಲ್ಲಿ ಬರೆದಿಟ್ಟರೆ ತಪ್ಪೇನೂ ಇಲ್ಲ.

ಈ ಪ್ರಾಂತದ ತಾಯಂದಿರ ಸ್ಥಿತಿಯನ್ನು ಸ್ವಲ್ಪ ಆಲೋಚಿಸಿರಿ. ಜಯನಗರಕ್ಕೆ ೧೯೪೮ರಲ್ಲಿ ರಾಜಗೋಪಾಲಾಚಾರ್ಯರು ಅಶೋಕಸ್ತಂಭದ ಬಳಿ ಅಸ್ತಿಭಾರವನ್ನಿಟ್ಟರು. ಅಂದು ಹೊಸ ಸಂಸಾರಗಳಿಗಾಗಿ ಕಟ್ಟಿದ ಮನೆಗಳಲ್ಲಿ ಇಂದು ಅನೇಕವು ಬರಿದಾಗಿರುವುವು. ಮಕ್ಕಳು ಸಮುದ್ರದಾಚೆಗೆ ಹೋಗಿರುವರು. ಐವತ್ತರ ಹೆಂಗಸು ಎಂಬತ್ತರ ಅತ್ತೆಮಾವಂದಿರ ಸೇವೆಯನ್ನು ಮಾಡುತ್ತ, ರಾತ್ರಿಯ ಹೊತ್ತು ಫೋನಿನಲ್ಲಿ ಮೊಮ್ಮಕ್ಕಳ ಮುಖವನ್ನು ನೋಡುತ್ತ ಇರುವಳು. ಜೆ.ಪಿ. ನಗರದಲ್ಲಿಯೂ ಬಿ.ಟಿ.ಎಂ. ಬಡಾವಣೆಯಲ್ಲಿಯೂ ಇನ್ನೊಂದು ವಿಧವನ್ನು ಕಾಣುವೆವು. ಮಗನೂ ಸೊಸೆಯೂ ಕಂಪನಿಗಳಲ್ಲಿ ದುಡಿಯುವರು. ಕೂಸನ್ನು ನೋಡಿಕೊಳ್ಳಲೆಂದು ದಾವಣಗೆರೆಯಿಂದಲೋ ಹುಬ್ಬಳ್ಳಿಯಿಂದಲೋ ವಿಜಯಪುರದಿಂದಲೋ ತಾಯಿಯು ಬಂದಿರುವಳು. ಊರಿನಲ್ಲಿ ಆಕೆಗೆ ಓಣಿಯಿತ್ತು, ಗೆಳತಿಯರಿದ್ದರು, ಮಠವಿತ್ತು. ಇಲ್ಲಿ ಏಳನೆಯ ಅಂತಸ್ತಿನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂಸಿನೊಡನೆ ಇರಬೇಕು. ಬಿಸಿಯೇರಿ ಬೆವರಿದರೆ, ಎದೆ ಹಾರಿದರೆ, ಯಾರಿಗೆ ಹೇಳುವಳು? ಮಗನಿಗೆ ಹೇಳಲು ನಾಚಿಕೆ. ಸೊಸೆಗೆ ಹೇಳಲು ಬಿಗುಮಾನ. ಇನ್ನು ಇದೇ ಮನೆಗಳಲ್ಲಿ ಪಾತ್ರೆ ಬೆಳಗಿ ನೆಲ ಒರಸುವ ಹೆಂಗಸರಿಗೂ ಇದೇ ವಯಸ್ಸು, ಇದೇ ಬಾಧೆ. ಒಂದು ದಿನ ಬಾರದಿದ್ದರೆ ಕೂಲಿ ಹೋಗುವುದೆಂಬ ಭಯ ಅವರಿಗೆ ಹೆಚ್ಚಿನದು. ಕಾಯಕದ ಗೌರವವನ್ನು ಲೋಕಕ್ಕೆ ಸಾರಿದ ಧರ್ಮದವರಾದ ನಾವು ನಮ್ಮ ಮನೆಯಲ್ಲಿ ಕಾಯಕ ಮಾಡುವವಳಿಗೆ ಕಷ್ಟದ ದಿನ ವಿಶ್ರಾಂತಿಯನ್ನು ಸಂಬಳ ಕಡಿಯದೆ ಕೊಡುವೆವೋ ಇಲ್ಲವೋ ಎಂಬುದನ್ನು ಪರೀಕ್ಷಿಸಿಕೊಳ್ಳತಕ್ಕದ್ದು.

ಈಗ ಧರ್ಮದ ಮಾತಿಗೆ ಬರುವೆನು. ಶರಣರು ಪಂಚಸೂತಕಗಳನ್ನು ಅಲ್ಲಗಳೆದರೆಂಬುದು ನಮ್ಮ ಮಕ್ಕಳಿಗೂ ತಿಳಿದಿರುವುದು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಇವು ಲಿಂಗವಂತರಿಗೆ ಸೂತಕಗಳಲ್ಲ. ಸಿದ್ಧಾಂತಶಿಖಾಮಣಿಯೂ ಲಿಂಗಾರ್ಚನೆಯಲ್ಲಿ ನಿರತಳಾದ ಸ್ತ್ರೀಗೆ ಋತುಕಾಲದಲ್ಲಾಗಲಿ ಪ್ರಸವಕಾಲದಲ್ಲಾಗಲಿ ಸೂತಕವಿಲ್ಲವೆಂದು ಸ್ಪಷ್ಟವಾಗಿ ಹೇಳಿರುವುದು. ಅಂಗದ ಮೇಲಿರುವ ಇಷ್ಟಲಿಂಗವನ್ನು ತಿಂಗಳಿಗೆ ಮೂರು ದಿನ ತೆಗೆದಿಡಬೇಕೆಂದು ಯಾವ ಗುರುವೂ ದೀಕ್ಷೆಯ ಕಾಲದಲ್ಲಿ ಅಪ್ಪಣೆ ಕೊಡಿಸುವುದಿಲ್ಲ. ಹೀಗಿದ್ದೂ ನೆರೆಹೊರೆಯ ಆಚಾರಗಳು ನಮ್ಮ ಮನೆಗಳೊಳಗೆ ನುಸುಳಿ, ಹೊರಗೆ ಕೂರಿಸುವ ಪದ್ಧತಿಯು ಅಲ್ಲಲ್ಲಿ ಉಳಿದುಕೊಂಡಿರುವುದು.

ಇದಕ್ಕೂ ರಜೋನಿವೃತ್ತಿಗೂ ಸಂಬಂಧವೇನೆಂದು ಕೇಳುವಿರಿ. ಸಂಬಂಧವು ಬಹಳವಾಗಿದೆ. ಮುಟ್ಟು ನಿಂತ ಹೆಂಗಸಿಗೆ, ಇನ್ನು ನೀನು ಶುದ್ಧಳಾದೆ, ಇನ್ನು ನಿನಗೆ ಎಲ್ಲ ವ್ರತಗಳಿಗೂ ಅಧಿಕಾರ ಬಂದಿತು ಎಂದು ಹಿರಿಯರು ಹೇಳುವುದುಂಟು. ಕೇಳುವುದಕ್ಕೆ ಇದು ಮನ್ನಣೆಯಂತಿದೆ. ಆದರೆ ಇಂದು ಶುದ್ಧಳಾದಳೆಂದರೆ ನಿನ್ನೆಯವರೆಗೆ, ಮೂವತ್ತೈದು ವರ್ಷಗಳ ಕಾಲ, ಆಕೆಯು ಅಶುದ್ಧಳಾಗಿದ್ದಳೆಂದು ಒಪ್ಪಿದಂತಾಗುವುದು. ಇದನ್ನು ಶರಣಧರ್ಮವು ಒಪ್ಪುವುದಿಲ್ಲ. ಇನ್ನೊಂದು ಕಡೆಯಲ್ಲಿ, ಮುಟ್ಟು ನಿಂತವಳ ಹೆಣ್ತನವೇ ಹೋಯಿತು, ಆಕೆಯಿಂದ ಇನ್ನೇನು ಪ್ರಯೋಜನವೆಂಬ ಮಾತೂ ಉಂಟು. ಇವೆರಡೂ ಹೆಂಗಸಿನ ಬೆಲೆಯನ್ನು ಗರ್ಭಾಶಯದಿಂದ ಅಳೆಯುವ ಮಾತುಗಳು. ಅನುಭವಮಂಟಪದಲ್ಲಿ ಅಕ್ಕಮಹಾದೇವಿಯ, ಮುಕ್ತಾಯಕ್ಕನ, ಆಯ್ದಕ್ಕಿ ಲಕ್ಕಮ್ಮನ, ಮೋಳಿಗೆಯ ಮಹಾದೇವಮ್ಮನ ಬೆಲೆಯನ್ನು ಅವರ ಅರಿವಿನಿಂದ ಅಳೆದರಲ್ಲದೆ ದೇಹಧರ್ಮದಿಂದ ಅಳೆಯಲಿಲ್ಲ. ಹಾಗಾದರೆ ಬಂದದ್ದು ಮೈಲಿಗೆಯಲ್ಲ, ನಿಂತದ್ದು ಮಡಿಯೂ ಅಲ್ಲ. ಎರಡೂ ದೇಹದ ಸ್ವಭಾವ. ಈ ಒಂದು ಮಾತು ಮನೆಯವರ ಮನಸ್ಸಿನಲ್ಲಿ ನಿಂತರೆ, ನಾಚಿಕೆಯು ತಾನಾಗಿಯೇ ಹೋಗಿ, ತಾಯಂದಿರು ಬಾಯಿಬಿಟ್ಟು ಮಾತನಾಡುವರು.

ಸೂತಕದ ಭಯದಿಂದ ಆಗುತ್ತಿರುವ ಪ್ರತ್ಯಕ್ಷಹಾನಿಯೊಂದನ್ನು ಹೇಳಲೇಬೇಕಾಗಿದೆ. ಗೃಹಪ್ರವೇಶ, ಮದುವೆ, ಜಾತ್ರೆ, ಯಾತ್ರೆಗಳ ಕಾಲದಲ್ಲಿ ಮುಟ್ಟನ್ನು ಮುಂದೂಡುವ ಮಾತ್ರೆಗಳನ್ನು ಔಷಧದ ಅಂಗಡಿಯಿಂದ ನೇರವಾಗಿ ತಂದು ನುಂಗುವ ಅಭ್ಯಾಸವು ನಗರದಲ್ಲಿ ಬೆಳೆದಿರುವುದು. ನಲವತ್ತೈದರ ಹೆಂಗಸಿಗೆ ರಕ್ತದ ಒತ್ತಡವೋ ಸಕ್ಕರೆಯ ರೋಗವೋ ಸ್ಥೂಲಶರೀರವೋ ಇರಬಹುದು. ಮೊದಲೇ ಏರುಪೇರಾಗಿರುವ ದೇಹವನ್ನು ಆ ಮಾತ್ರೆಗಳು ಮತ್ತಷ್ಟು ಕಲಕುವುವು. ವೈದ್ಯರನ್ನು ಕೇಳದೆ ಅವನ್ನು ನುಂಗುವುದು ಹಿತವಲ್ಲ. ದೇವರ ಕಾರ್ಯಕ್ಕೆಂದು ದೇಹವನ್ನು ಕೆಡಿಸಿಕೊಳ್ಳಿರೆಂದು ಯಾವ ದೇವರೂ ಕೇಳಿಲ್ಲ. ಈ ಮಠದ ಯಾವ ಪೂಜೆಗೂ ಯಾವ ದಾಸೋಹಕ್ಕೂ ಆ ಮಾತ್ರೆಯು ಅವಶ್ಯವಲ್ಲ.

ಇದಕ್ಕಿಂತಲೂ ಘೋರವಾದದ್ದು ಅನವಶ್ಯವಾಗಿ ಗರ್ಭಾಶಯವನ್ನು ತೆಗೆಸುವುದು. ಮಕ್ಕಳಾದವು, ಇನ್ನು ಆ ಚೀಲವೇಕೆ ಎಂದು ಹೇಳಿ ಮೂವತ್ತು ನಲವತ್ತರ ಹೆಂಗಸರಿಗೆ ಶಸ್ತ್ರಕ್ರಿಯೆ ಮಾಡುವುದುಂಟು. ಕೆಲವು ವ್ಯಾಧಿಗಳಲ್ಲಿ ಅದು ಪ್ರಾಣವನ್ನುಳಿಸುವ ಚಿಕಿತ್ಸೆಯೇ ಸರಿ, ಅದನ್ನು ನಿಷೇಧಿಸಲಾಗದು. ಆದರೆ ೨೦೧೫ರ ಸುಮಾರಿನಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ತಾಂಡಗಳ ಬಡಹೆಂಗಸರು, ಸಣ್ಣಪುಟ್ಟ ಬಾಧೆಗಳಿಗೂ ತಮ್ಮ ಗರ್ಭಾಶಯಗಳನ್ನು ತೆಗೆದರೆಂದು ಬೀದಿಗಿಳಿದು ದೂರಿಟ್ಟದ್ದನ್ನು ನಾಡು ಕಂಡಿತು. ೨೦೧೯ರಲ್ಲಿ ಮಹಾರಾಷ್ಟ್ರದ ಬೀಡ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ವಿಷಯದಲ್ಲಿಯೂ ಇದೇ ಕೂಗು ಎದ್ದಿತು. ೨೦೨೨ರಲ್ಲಿ ಕೇಂದ್ರಸರಕಾರವು ಇದಕ್ಕೆ ಮಾರ್ಗಸೂಚಿಯನ್ನು ಮಾಡಿತು. ೨೦೨೩ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅದನ್ನು ಜಾರಿಗೆ ತರಬೇಕೆಂದು ವಿಧಿಸಿತು. ಗರ್ಭಾಶಯದೊಡನೆ ಅಂಡಾಶಯಗಳನ್ನೂ ತೆಗೆದರೆ ರಜೋನಿವೃತ್ತಿಯು ಒಂದೇ ದಿನದಲ್ಲಿ ಬಂದು ಎರಗುವುದು. ಅಂಡಾಶಯಗಳನ್ನು ಉಳಿಸಿದರೂ ಅದು ಕೆಲವು ವರ್ಷ ಮುಂಚಿತವಾಗಿ ಬರಬಹುದು. ಆದುದರಿಂದ ಅತಿಯಾಗಿ ಸ್ರಾವವಾಗುವವರು ಮೊದಲು ಔಷಧದಿಂದ ಗುಣವಾಗುವುದೋ ಎಂದು ಕೇಳಬೇಕು; ತುರ್ತಿಲ್ಲದ ಪಕ್ಷದಲ್ಲಿ ಎರಡನೆಯ ವೈದ್ಯರ ಅಭಿಪ್ರಾಯವನ್ನು ಪಡೆಯದೆ ಒಪ್ಪಿಗೆಯ ಕಾಗದಕ್ಕೆ ರುಜು ಹಾಕಬಾರದು. ಅತಿಸ್ರಾವದಿಂದ ರಕ್ತಹೀನತೆಯೂ ಬರುವುದು. ನಮ್ಮ ರಾಜ್ಯದ ಹೆಂಗಸರಲ್ಲಿ ಹೆಚ್ಚುಕಡಮೆ ಅರ್ಧಮಂದಿಗೆ ರಕ್ತಹೀನತೆಯಿದೆಯೆಂದು ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ತಿಳಿಸಿರುವುದು. ಬಳಲಿಕೆಯನ್ನು ಸೋಮಾರಿತನವೆಂದು ಬೈಯುವ ಮೊದಲು ರಕ್ತವನ್ನು ಪರೀಕ್ಷೆ ಮಾಡಿಸುವುದು ಧರ್ಮ. ಅದರೊಡನೆ ಥೈರಾಯ್ಡ್ ಗ್ರಂಥಿಯ ಪರೀಕ್ಷೆಯನ್ನೂ ಮಾಡಿಸತಕ್ಕದ್ದು. ಅದರ ದೋಷವೂ ಇದೇ ವಯಸ್ಸಿನಲ್ಲಿ ಇವೇ ಲಕ್ಷಣಗಳನ್ನು ತೋರಿಸುವುದು.

ಇನ್ನು ಆಹಾರವಿಹಾರಗಳು. ಮುಟ್ಟು ನಿಂತ ಮೊದಲ ಐದಾರು ವರ್ಷಗಳಲ್ಲಿ ಮೂಳೆಯು ಶೀಘ್ರವಾಗಿ ಸವೆಯುವುದು. ಅನೇಕರು ಶೇಕಡಾ ಹತ್ತರಷ್ಟು ಮೂಳೆಯ ಸಾರವನ್ನು ಈ ಅವಧಿಯಲ್ಲಿಯೇ ಕಳೆದುಕೊಳ್ಳುವರು. ಬಚ್ಚಲಲ್ಲಿ ಜಾರಿ ಬಿದ್ದವರ ತೊಡೆಯ ಮೂಳೆ ಮುರಿಯುವುದು ಇದರಿಂದಲೇ. ಈ ವಯಸ್ಸಿನವರಿಗೆ ದಿನಕ್ಕೆ ೧೨೦೦ ಮಿಲಿಗ್ರಾಮು ಸುಣ್ಣದ ಸತ್ತ್ವ, ಎಂದರೆ ಕ್ಯಾಲ್ಸಿಯಂ, ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯವರು ೨೦೨೦ರಲ್ಲಿ ಗೊತ್ತುಮಾಡಿರುವರು. ನೂರು ಗ್ರಾಮು ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಮು ಇರುವುದು. ಅಕ್ಕಿಯಲ್ಲಿ ಹತ್ತಿಪ್ಪತ್ತೂ ಇಲ್ಲ. ನಗರಕ್ಕೆ ಬಂದ ಮೇಲೆ ಮುದ್ದೆಯು ಮರ್ಯಾದೆಗೆ ಕಡಿಮೆಯೆಂದು ಬಿಟ್ಟವರು ಈಗ ಅದನ್ನು ಮರಳಿ ಮನೆಗೆ ಕರೆಯಬೇಕು. ಮಂಡ್ಯದಲ್ಲಿ ಲಕ್ಷ್ಮಣಯ್ಯನವರು ಆಫ್ರಿಕದ ತಳಿಯನ್ನು ನಮ್ಮ ತಳಿಯೊಡನೆ ಕೂಡಿಸಿ ಇಂಡಾಫ್ ರಾಗಿಯನ್ನು ಬೆಳೆಸಿಕೊಟ್ಟರು. ಜನರು ಅವರನ್ನು ರಾಗಿ ಲಕ್ಷ್ಮಣಯ್ಯನವರೆಂದೇ ಕರೆದರು. ಅಂಥ ಪುಣ್ಯಾತ್ಮರ ಶ್ರಮದ ಫಲವು ಅಂಗಡಿಯಲ್ಲಿ ಅಗ್ಗವಾಗಿ ಸಿಕ್ಕುವಾಗ ಬೇರೆ ಟಾನಿಕ್ಕುಗಳನ್ನು ಮೊದಲು ಹುಡುಕಬೇಕಾಗಿಲ್ಲ. ಒಂದು ಮುದ್ದೆ, ಎರಡು ಲೋಟ ಹಾಲು ಅಥವಾ ಮೊಸರು, ಸೊಪ್ಪು, ಒಂದು ಚಮಚ ಎಳ್ಳು, ಇಷ್ಟಾದರೆ ಬೇಕಾದುದರ ಬಹುಭಾಗವು ದೊರೆಯುವುದು. ಮಾಂಸಖಂಡಗಳಿಗೆ ಹುರುಳಿ, ಹೆಸರು, ಕಡಲೆಗಳು ಬೇಕು. ಊಟದೊಡನೆ ಕಾಫಿಯನ್ನು ಕುಡಿಯುವುದರಿಂದ ಅನ್ನದಲ್ಲಿರುವ ಕಬ್ಬಿಣದ ಸತ್ತ್ವವು ರಕ್ತಕ್ಕೆ ಸೇರುವುದು ಕಡಿಮೆಯಾಗುವುದು. ಒಂದೆರಡು ಗಂಟೆ ತಡೆದು ಕುಡಿಯುವುದು ಲೇಸು. ಬಿಸಿಬಿಸಿಯಾದ ಕಾಫಿಯೂ ಅತಿಖಾರವೂ ಕೆಲವರಲ್ಲಿ ಬಿಸಿಯೇರುವ ಬಾಧೆಯನ್ನು ಕೆರಳಿಸುವುವು.

ವ್ರತದ ವಿಷಯದಲ್ಲಿ ಒಂದು ಮಾತು. ಶ್ರಾವಣದ ಸೋಮವಾರಗಳಲ್ಲಿಯೂ ಶಿವರಾತ್ರಿಯಲ್ಲಿಯೂ ಉಪವಾಸ ಮಾಡುವುದು ಸರಿಯೇ. ಆದರೆ ವಯಸ್ಸಾದಂತೆ ಉಪವಾಸಗಳನ್ನು ಹೆಚ್ಚಿಸುತ್ತ ಹೋಗಿ, ಸಕ್ಕರೆಯ ರೋಗದ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ನುಂಗಿ ತಲೆಸುತ್ತಿ ಬೀಳುವುದು ಭಕ್ತಿಯಲ್ಲ. ಶರೀರವನ್ನು ಶಿವನ ಮನೆಯೆಂದು ತಿಳಿದವರು ಆ ಮನೆಯನ್ನು ಉಪವಾಸ ಕೆಡಹುವುದಿಲ್ಲ. ದಾಸೋಹದ ಧರ್ಮವೂ ಹಾಗೆಯೇ. ಎಲ್ಲರಿಗೂ ಬಡಿಸಿ, ಕಡೆಯಲ್ಲಿ ತಣ್ಣಗಾದ ಅನ್ನಕ್ಕೆ ತಿಳಿಸಾರನ್ನು ಕಲಸಿಕೊಂಡು ತಿನ್ನುವ ತಾಯಿಯೂ ಜಂಗಮಸ್ವರೂಪಳೇ. ಆಕೆಯ ತಟ್ಟೆಯಲ್ಲಿ ಮೊಸರೂ ಪಲ್ಯವೂ ಉಳಿದಿವೆಯೇ ಎಂದು ನೋಡುವುದು ಉಳಿದವರ ದಾಸೋಹ.

ನಡೆಯುವುದು ಮೂಳೆಗೂ ಹೃದಯಕ್ಕೂ ಮನಸ್ಸಿಗೂ ಔಷಧ. ವಾರಕ್ಕೆ ನೂರೈವತ್ತು ನಿಮಿಷವಾದರೂ ಬಿರುಸಾಗಿ ನಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳಿರುವರು. ವಾರಕ್ಕೆರಡು ದಿನ ಭಾರವೆತ್ತುವ ವ್ಯಾಯಾಮವನ್ನೂ ವಿಧಿಸಿರುವರು. ೧೭೬೦ರಲ್ಲಿ ಹೈದರಾಲಿಯು ಹಾಕಿಸಿದ ಲಾಲ್‌ಬಾಗು ಹತ್ತಿರದಲ್ಲಿದೆ, ಬಡಾವಣೆಗೊಂದು ಉದ್ಯಾನವಿದೆ. ಬನಶಂಕರಿಯ ಗುಡಿಯಲ್ಲಿ ರಾಹುಕಾಲದ ನಿಂಬೆಯ ದೀಪಕ್ಕೆಂದು ತಪ್ಪದೆ ಹೋಗುವ ಶ್ರದ್ಧೆಯುಳ್ಳ ನೆರೆಯ ಹೆಂಗಸರನ್ನು ನೋಡುತ್ತೇವೆ. ಅಂಥ ಶ್ರದ್ಧೆಯನ್ನು ಬೆಳಗಿನ ನಡಿಗೆಗೂ ಕೊಡಬೇಕೆಂದು ಪ್ರಾರ್ಥನೆ. ಬಿಸಿಲು ಮೈಗೆ ತಾಗಿದರೆ ಮೂಳೆಗೆ ಬೇಕಾದ ಡಿ ಜೀವಸತ್ತ್ವವೂ ದೊರೆಯುವುದು. ಮೂತ್ರ ಜಿನುಗುವ ಬಾಧೆಗೆ, ಮೂತ್ರವನ್ನು ತಡೆಹಿಡಿಯುವ ಸ್ನಾಯುಗಳನ್ನು ದಿನವೂ ಬಿಗಿಹಿಡಿದು ಸಡಿಲಿಸುವ ಅಭ್ಯಾಸವನ್ನು ೧೯೪೮ರಲ್ಲಿ ಕೆಗೆಲ್ ಎಂಬ ಅಮೆರಿಕದ ವೈದ್ಯನು ಪ್ರಚುರಪಡಿಸಿದನು; ಕುಳಿತಲ್ಲಿಯೇ ಯಾರಿಗೂ ತಿಳಿಯದಂತೆ ಇದನ್ನು ಮಾಡಬಹುದು. ಯೋಗದ ವಿಷಯದಲ್ಲಿಯೂ ಬೆಂಗಳೂರಿನಲ್ಲಿಯೇ ಪರೀಕ್ಷೆ ನಡೆದಿರುವುದು. ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥೆಯವರು ನಲವತ್ತರಿಂದ ಐವತ್ತೈದು ವಯಸ್ಸಿನ ೧೨೦ ಮಂದಿ ಹೆಂಗಸರನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಯೋಗವನ್ನೂ ಇನ್ನೊಂದಕ್ಕೆ ಸಾಧಾರಣ ವ್ಯಾಯಾಮವನ್ನೂ ಎಂಟು ವಾರ ಮಾಡಿಸಿದರು. ಯೋಗದ ಪಂಗಡದವರಲ್ಲಿ ಬಿಸಿಯೇರುವುದೂ ಮನಸ್ಸಿನ ಒತ್ತಡವೂ ಹೆಚ್ಚಾಗಿ ತಗ್ಗಿದುವೆಂದು ೨೦೦೮ರಲ್ಲಿ ಪ್ರಕಟಿಸಿದರು.

ಹೃದಯದ ಮಾತು ಬಹು ಮುಖ್ಯವಾದದ್ದು. ಹೃದಯಾಘಾತವು ಗಂಡಸರ ರೋಗವೆಂದು ಜನರ ಭಾವನೆ. ಮುಟ್ಟು ನಿಲ್ಲುವವರೆಗೆ ಹೆಂಗಸರಿಗೆ ಇರುವ ರಕ್ಷಣೆಯು ಆಮೇಲೆ ಕ್ಷೀಣಿಸಿ, ರಕ್ತದಲ್ಲಿ ಕೆಟ್ಟ ಕೊಬ್ಬು ಏರುವುದು, ಒತ್ತಡ ಹೆಚ್ಚುವುದು. ಹೆಂಗಸರಲ್ಲಿ ಎದೆನೋವಿನ ಬದಲು ಬಳಲಿಕೆ, ಉಸಿರುಕಟ್ಟು, ಓಕರಿಕೆ, ಬೆನ್ನು ದವಡೆಗಳ ನೋವು ಕಾಣಬಹುದು. ಅದನ್ನು ವಾಯುವೆಂದು ತಿಳಿದು ಓಮದ ಕಷಾಯ ಕೊಟ್ಟು ಮಲಗಿಸುವಷ್ಟರಲ್ಲಿ ಕಾಲವು ಮೀರಿಹೋಗುವುದು. ಬನ್ನೇರುಘಟ್ಟದ ರಸ್ತೆಯಲ್ಲಿ ಜಯದೇವ ಹೃದ್ರೋಗಸಂಸ್ಥೆಯಿದೆ. ಚಿತ್ರದುರ್ಗದ ಬೃಹನ್ಮಠದ ಜಯದೇವ ಜಗದ್ಗುರುಗಳ ನಾಮವನ್ನು ಅದು ಹೊತ್ತಿರುವುದೆಂಬುದು ನಮಗೆಲ್ಲ ಅಭಿಮಾನದ ಸಂಗತಿ. ಆ ನಾಮವನ್ನು ನಿತ್ಯ ಸ್ಮರಿಸುವವರು ಸಂದೇಹ ಬಂದ ಗಳಿಗೆಯಲ್ಲಿ ಆ ಬಾಗಿಲಿಗೆ ಹೋಗಲು ತಡಮಾಡಬಾರದು.

ಹಾರ್ಮೋನಿನ ಚಿಕಿತ್ಸೆಯೆಂದರೆ ಕ್ಯಾನ್ಸರ್ ಬರುವುದೆಂಬ ಭೀತಿಯು ಹಬ್ಬಿರುವುದು. ಇದರ ಮೂಲವು ಅಮೆರಿಕದಲ್ಲಿ ಹದಿನಾರು ಸಾವಿರಕ್ಕೆ ಮೇಲ್ಪಟ್ಟ ಹೆಂಗಸರ ಮೇಲೆ ನಡೆದು ೨೦೦೨ರಲ್ಲಿ ನಡುವೆಯೇ ನಿಲ್ಲಿಸಿದ ಪರೀಕ್ಷೆ. ಅದರಲ್ಲಿದ್ದವರ ಸರಾಸರಿ ವಯಸ್ಸು ಅರವತ್ತಮೂರು. ಬಾಧೆ ಪಡುತ್ತಿರುವ ಐವತ್ತರವರ ಮಾತು ಬೇರೆ. ಅರವತ್ತರೊಳಗಿನವರಿಗೆ, ಅಥವಾ ಮುಟ್ಟು ನಿಂತು ಹತ್ತು ವರ್ಷವಾಗದವರಿಗೆ, ತೀವ್ರಬಾಧೆಯಿದ್ದು ಬೇರೆ ಪ್ರತಿಬಂಧಕವಿಲ್ಲದಿದ್ದರೆ, ಅಪಾಯಕ್ಕಿಂತ ಪ್ರಯೋಜನವೇ ಹೆಚ್ಚೆಂದು ಈಗಿನ ವೈದ್ಯಸಂಘಗಳ ಅಭಿಪ್ರಾಯ. ಸ್ತನದ ಕ್ಯಾನ್ಸರ್ ಆದವರಿಗೂ ರಕ್ತ ಹೆಪ್ಪುಗಟ್ಟುವ ದೋಷವುಳ್ಳವರಿಗೂ ಇದು ಸಲ್ಲದು. ಯಾರಿಗೆ ಸಲ್ಲುವುದು, ಯಾರಿಗೆ ಸಲ್ಲದು ಎಂಬುದನ್ನು ಸ್ತ್ರೀರೋಗತಜ್ಞರೇ ನಿರ್ಣಯಿಸಬೇಕು, ನೆರೆಯವರು ನಿರ್ಣಯಿಸಬಾರದು.

ಕಡೆಯದಾಗಿ ಒಂದು ಎಚ್ಚರಿಕೆ. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ತೊಟ್ಟು ರಕ್ತ ಕಂಡರೂ ಅದು ಮರಳಿ ಬಂದ ಯೌವನವಲ್ಲ. ಕೂಡಲೇ ಪರೀಕ್ಷೆ ಮಾಡಿಸತಕ್ಕ ಸೂಚನೆ. ಬಹುತೇಕ ಸಾಧಾರಣ ಕಾರಣವೇ ಇರಬಹುದು. ಕೆಲವರಲ್ಲಿ ಗರ್ಭಾಶಯದ ಕ್ಯಾನ್ಸರಿನ ಮೊದಲ ಚಿಹ್ನೆಯಾಗಿರುವುದು, ಆ ಹಂತದಲ್ಲಿ ಅದು ಗುಣವಾಗತಕ್ಕದ್ದು. ಸ್ತನದಲ್ಲಿ ಗಂಟು ಕಂಡರೂ ಹೀಗೆಯೇ. ೧೯೭೩ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯೂ ಜಯನಗರದ ಸರಕಾರಿ ಆಸ್ಪತ್ರೆಯೂ ದೂರವಿಲ್ಲ. ೨೦೨೩ರ ಜೂನ್ ತಿಂಗಳಿನಿಂದ ಹೆಂಗಸರಿಗೆ ಸರಕಾರದ ಸಾಧಾರಣ ಬಸ್ಸುಗಳಲ್ಲಿ ಪ್ರಯಾಣವೂ ಉಚಿತವಾಗಿದೆ. ಇಷ್ಟೆಲ್ಲ ಇರುವಾಗ ಆಕೆಯನ್ನು ಮನೆಯಲ್ಲಿ ತಡೆದಿರುವುದು ನಾಚಿಕೆಯೊಂದೇ.

ಇಲ್ಲಿರುವ ಗಂಡಸರಲ್ಲಿ ನನ್ನ ಪ್ರಾರ್ಥನೆಯೊಂದಿದೆ. ಹೆಂಡತಿಯ ಸಿಡುಕಿಗೆ ಸಿಡುಕಿನಿಂದ ಉತ್ತರ ಕೊಡಬೇಡಿರಿ. ನಿದ್ರೆ ಬಂದಿತೇ ಎಂದು ಬೆಳಿಗ್ಗೆ ಕೇಳಿರಿ. ದಾಂಪತ್ಯದಲ್ಲಿ ನೋವಾಗುವುದೆಂದು ಆಕೆ ಹೇಳಿದರೆ ತಿರಸ್ಕಾರವೆಂದು ಭಾವಿಸದೆ ತಾಳ್ಮೆಯಿಂದಿರಿ. ಅದಕ್ಕೆ ಸುಲಭವಾದ ಲೇಪಗಳುಂಟು. ವೈದ್ಯರಲ್ಲಿಗೆ ಹೋಗುವ ದಿನ ಜೊತೆಯಲ್ಲಿ ಹೋಗಿರಿ. ಗಂಡುಮಕ್ಕಳಿಗೂ ಈ ವಿಷಯವನ್ನು ತಿಳಿಸಿರಿ. ತಿಳಿದ ಮಗನು ತಾಯಿಯನ್ನು ಹಾಸ್ಯ ಮಾಡುವುದಿಲ್ಲ.

ಶ್ರೀಮಠದ ಪಾದಗಳಲ್ಲಿಯೂ ನಾಲ್ಕು ಬಿನ್ನಹಗಳಿವೆ. ತಿಂಗಳಿಗೊಮ್ಮೆ ನಲವತ್ತು ದಾಟಿದ ತಾಯಂದಿರ ಗೋಷ್ಠಿಯು ಇಲ್ಲಿ ನಡೆಯಲಿ. ಮಹಿಳಾವೈದ್ಯರೊಬ್ಬರು ಬಂದು ಪ್ರಶ್ನೆಗಳಿಗೆ ಉತ್ತರ ಕೊಡಲಿ. ಊರುಬಿಟ್ಟು ಬಂದ ತಾಯಂದಿರಿಗೆ ಗೆಳತಿಯರು ದೊರೆಯಲಿ. ವರ್ಷಕ್ಕೊಮ್ಮೆ ರಕ್ತ, ಒತ್ತಡ, ಸಕ್ಕರೆಗಳ ಪರೀಕ್ಷೆಯು ಮಠದ ಅಂಗಳದಲ್ಲಿಯೇ ನಡೆಯಲಿ. ಕೆಲಸದ ಹೆಂಗಸರಿಗೆ ಅದರಲ್ಲಿ ಮೊದಲ ಸ್ಥಾನವಿರಲಿ. ಒಂಟಿಯಾಗಿ ಆಸ್ಪತ್ರೆಗೆ ಹೋಗಲಾರದವರ ಜೊತೆಯಲ್ಲಿ ಹೋಗುವ ಸೇವೆಗೆ ಕೆಲವು ಸ್ವಯಂಸೇವಕಿಯರು ಹೆಸರು ಕೊಡಲಿ. ಮಹೋತ್ಸವದ ದಾಸೋಹದಲ್ಲಿ ಅಡಿಗೆ ಮಾಡಿ ಬಡಿಸಿದ ತಾಯಂದಿರನ್ನು ಎರಡನೆಯ ಪಂಕ್ತಿಯಲ್ಲಿಯೇ ಕೂರಿಸಿ ಗಂಡಸರು ಬಡಿಸಲಿ. ಇವಕ್ಕೆ ಹೆಚ್ಚು ಹಣ ಬೇಕಾಗಿಲ್ಲ. ಶ್ರೀಗಳವರ ಅಪ್ಪಣೆಯೂ ಭಕ್ತರ ಮನಸ್ಸೂ ಕೂಡಿದರೆ ಸಾಕು.

ಇಂದು ಮನೆಗೆ ಹೋದವರು ತಮ್ಮ ತಾಯಿಯನ್ನೋ ಹೆಂಡತಿಯನ್ನೋ ಅಕ್ಕನನ್ನೋ, ಹೇಗಿರುವೆಯೆಂದು ಒಮ್ಮೆ ಕೇಳಿ, ಆಕೆ ಹೇಳುವುದನ್ನು ಮುಗಿಯುವವರೆಗೆ ಕೇಳಿದರೆ ಈ ಭಾಷಣವು ಸಾರ್ಥಕವಾಯಿತೆಂದು ತಿಳಿಯುವೆನು.